ಡೋಣಿ ಬಯಲಿಗೆ ಹೊರಟ ಕೆಂಪು ಕಾರು

ಮೈಸೂರಿನಲ್ಲಿ ಲಿಂಗರಾಜ ಅರಸ್ ಎಂಬ ನಿವೃತ್ತ ಎಂಜಿನಿಯರ್ ಒಬ್ಬರಿದ್ದರು. ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಸ್ಪೋರ್ಟ್ಸ್ ಕಾರು ನಿಂತಿತ್ತು. ಕೆಂಪು ಬಣ್ಣ, ಎರಡೇ ಸೀಟು, ನೆಲ ಸವರುವಂಥ ಕುಳ್ಳ ಮೈ. ಮೇಲಿನ ಬಟ್ಟೆಯ ಹುಡ್ ಮಡಚಿಬಿಟ್ಟರೆ ತಲೆಯ ಮೇಲೆ ಆಕಾಶ ಬಿಟ್ಟು ಬೇರೇನೂ ಇಲ್ಲ.

ಆ ಕಾರನ್ನು ಕೊಂಡವರು ಲಿಂಗರಾಜರ ತಂದೆ. ಊರು ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಕಾಫಿ ತೋಟದ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡದ್ದು. ತಂದೆಗೆ ಅದನ್ನು ಓಡಿಸುವ ಪುರುಸೊತ್ತು ಸಿಕ್ಕಲೇ ಇಲ್ಲ. ಓಡಿಸಿದ್ದೆಲ್ಲ ಮಗ. ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವರು ಅಕ್ಕ ದೇವಾಜಮ್ಮಣ್ಣಿ. ಜಡೆಯನ್ನು ಸುತ್ತಿ ಮೇಲೆ ವಸ್ತ್ರ ಬಿಗಿದುಕೊಂಡು, ತೊಡೆಯ ಮೇಲೆ ನಕಾಶೆ ಹರಡಿಕೊಂಡು ಕೂತರೆ, ಆಕೆ ರಾಣಿಯಂತೆ ಕಾಣುತ್ತಿದ್ದರು. ನಂಜನಗೂಡಿಗೆ ಹೋಗುವುದಕ್ಕೂ ನಕಾಶೆ ಬೇಕು!

"ಅದೇನು ಕಳೆದುಹೋಗೋ ದಾರಿಯೇನೇ?" ಎಂದು ತಾಯಿ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಆ ಕಾಲದಲ್ಲಿ ತಂದೆಗೆ ಕೆಲವು ವರ್ಷ ಬಿಜಾಪುರಕ್ಕೆ ವರ್ಗವಾಗಿತ್ತು. ರಸ್ತೆ ಮಾಡಿಸುವ ಕೆಲಸ. ರಜೆಗೆ ಬಂದಾಗಲೆಲ್ಲ ಅವರು ಡೋಣಿ ನದಿಯ ಬಯಲಿನ ಸುದ್ದಿ ಹೇಳುತ್ತಿದ್ದರು. ಕಪ್ಪು ಮಣ್ಣು. ಚಳಿಗಾಲದಲ್ಲಿ ಬಿಳಿಜೋಳ, ಕಡಲೆ, ಹಳದಿ ಹೂ ಬಿಟ್ಟ ಕುಸುಬೆ. ಕಣ್ಣಿಗೆ ಅಡ್ಡ ಬರಲು ಒಂದು ಗುಡ್ಡವೂ ಇಲ್ಲ. ಚಾಮುಂಡಿಬೆಟ್ಟವನ್ನು ದಿನಾ ನೋಡಿ ಬೆಳೆದ ಮಕ್ಕಳಿಗೆ ಬೆಟ್ಟವೇ ಇಲ್ಲದ ಊರು ಎಂದರೆ ನಂಬಿಕೆಯೇ ಬರುತ್ತಿರಲಿಲ್ಲ.

"ಒಂದು ಚಳಿಗಾಲ ಈ ಕಾರಲ್ಲೇ ಹೋಗಿ ನೋಡಿಬರೋಣ, ಲಿಂಗು," ಎಂದು ಅಕ್ಕ ಹೇಳಿದ್ದರು.

ಆದರೆ ಆ ಚಳಿಗಾಲ ಬರುವುದರೊಳಗೆ ಅಕ್ಕನ ಮದುವೆಯಾಯಿತು. ಆಮೇಲೆ ತಮ್ಮನದೂ ಆಯಿತು. ಸಂಸಾರ, ಕೆಲಸ, ಮಕ್ಕಳ ಓದು ಎಂದು ವರ್ಷಗಳು ಉರುಳಿದವು. ಕಾರಿನ ಮೇಲೆ ಟಾರ್ಪಾಲು ಬಿತ್ತು, ಟಾರ್ಪಾಲಿನ ಮೇಲೆ ಧೂಳು ಬಿತ್ತು.

ಎಷ್ಟೋ ಕಾಲದ ಮೇಲೆ ಲಿಂಗರಾಜರ ಹೆಂಡತಿ ಕಾಂತಮ್ಮಣ್ಣಿ ತೀರಿಕೊಂಡರು. ಲಿಂಗರಾಜರು ಮಾತು ಬಿಟ್ಟರು. ಬೆಳಿಗ್ಗೆ ಕುರ್ಚಿಯಲ್ಲಿ ಕೂತವರು ಸಂಜೆಯವರೆಗೂ ಅಲ್ಲೇ ಇರುತ್ತಿದ್ದರು. ಅಕ್ಕನ ಗಂಡ ಅದಕ್ಕೂ ಮೊದಲೇ ಹೋಗಿದ್ದರು. ಆಕೆ ಅದೇ ಊರಿನಲ್ಲಿ ಮಗಳ ಮನೆಯಲ್ಲಿದ್ದರು. ಒಂದು ದಿನ ಆಕೆ ಬಂದವರೇ ತಮ್ಮನ ಕೈಹಿಡಿದು ಎಬ್ಬಿಸಿ, ಶೆಡ್ಡಿಗೆ ಕರೆದುಕೊಂಡು ಹೋಗಿ ಟಾರ್ಪಾಲು ಎಳೆದುಹಾಕಿದರು.

"ಡೋಣಿ ಬಯಲು ನೋಡೋದು ಬಾಕಿ ಇದೆ. ಇದನ್ನ ರೆಡಿ ಮಾಡು," ಎಂದರು.

ಲಿಂಗರಾಜರು ಬಾನೆಟ್ಟು ಎತ್ತಿ ನೋಡಿದರು. ಹಳೆಯ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯ ಜೊತೆ ಎಷ್ಟೋ ಬೆಳಗುಗಳು ನೆನಪಿಗೆ ಬಂದವು. ಮಾರನೆಯ ದಿನವೇ ತೋಳು ಮಡಚಿ ಕೆಲಸಕ್ಕೆ ಇಳಿದರು.

ಎಂಜಿನ್ನು ಬಿಚ್ಚಿ ಕಟ್ಟಿದರು. ಕಾರ್ಬುರೇಟರ್ ತೊಳೆದರು. ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕಾರು ಕೆಮ್ಮಿ, ಸೀನಿ, ಕೊನೆಗೆ ಗುಡುಗಿತು. ಅಕ್ಕ ಚಪ್ಪಾಳೆ ತಟ್ಟಿದರು. ಚಳಿಗಾಲ ಹತ್ತಿರ ಬರುತ್ತಿತ್ತು.

"ಇನ್ನು ಹೊರಡಬಹುದಲ್ಲ?" ಎಂದು ಕೇಳಿದರು.

"ಈ ಹರಿದ ಸೀಟಲ್ಲಾ, ಅಕ್ಕಯ್ಯ? ಚರ್ಮ ಹೊಸದು ಹಾಕಿಸ್ತೀನಿ. ಮುಂದಿನ ಚಳಿಗಾಲ ಖಂಡಿತ."

"ಆಗಲಿ, ನಿನ್ನ ಅನುಕೂಲ," ಎಂದರು ಅಕ್ಕ.

ಮುಂದಿನ ಚಳಿಗಾಲ ಬಂತು. ಆ ಹೊತ್ತಿಗೆ ಒಂದು ಸೀಟು ಹೊಸದಾಗಿತ್ತು, ಇನ್ನೊಂದಕ್ಕೆ ಅದೇ ಬಣ್ಣದ ಚರ್ಮ ಸಿಕ್ಕಿರಲಿಲ್ಲ. ಹುಡ್ಡಿನ ಬಟ್ಟೆ ಹೊರದೇಶದಿಂದ ಬರಬೇಕಿತ್ತು. ಮೈಯ ಬಣ್ಣವೂ ಮೊದಲಿದ್ದ ಕೆಂಪಿಗೇ ಹೊಂದಬೇಕಿತ್ತು. ಲಿಂಗರಾಜರು ಮತ್ತೆ ಮುಂದೂಡಿದರು. ಅಕ್ಕ ಮತ್ತೆ "ಆಗಲಿ" ಎಂದರು.

ಬಯಲಿನಲ್ಲಿ ಜೋಳ ಬೆಳೆಯಿತು, ಕೊಯ್ದರು. ಇವರು ಮೈಸೂರಿನಲ್ಲೇ ಇದ್ದರು.

ಅದರ ಮರುವರ್ಷದ ಚಳಿಗಾಲದ ಹೊತ್ತಿಗೆ ಕಾರಿನ ಹಳೆಯ ಬಣ್ಣವನ್ನು ಅಲ್ಲಲ್ಲಿ ಕೆರೆದು, ಬೂದಿ ಬಣ್ಣದ ಪ್ರೈಮರ್ ಬಳಿದು ನಿಲ್ಲಿಸಿದ್ದರು. ಒಂದು ಮಧ್ಯಾಹ್ನ ಅಕ್ಕ ಡಬ್ಬಿಯಲ್ಲಿ ಕೊಬ್ಬರಿಮಿಠಾಯಿ ತಂದರು. ಲಿಂಗರಾಜರು ಕೆಂಪು ಬಣ್ಣದ ಎರಡು ತಗಡಿನ ಚೂರುಗಳನ್ನು ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದರು.

"ಅಕ್ಕಯ್ಯ, ಬನ್ನಿ ಇಲ್ಲಿ. ಅಪ್ಪಾಜಿ ಕಾಲದ ಕೆಂಪು ಇದಾ, ಇದಾ?"

ಅಕ್ಕ ನಗುತ್ತಾ ಬಂದರು. ಪಕ್ಕದಲ್ಲಿ ಕಾರಿನ ಬಾಗಿಲು ತೆರೆದಿತ್ತು. ತಮ್ಮನನ್ನೇ ನೋಡುತ್ತಾ ಬಂದ ಆಕೆ ಅದರ ಅಂಚಿಗೆ ಡಿಕ್ಕಿ ಹೊಡೆದರು. ಡಬ್ಬಿ ಬಿದ್ದು ಮಿಠಾಯಿ ಚೆಲ್ಲಿತು. ಮೊಣಕಾಲು ಹಿಡಿದುಕೊಂಡು ಆಕೆ ಅಲ್ಲೇ ಕೂತರು.

ಲಿಂಗರಾಜರು ಓಡಿ ಬಂದರು. "ಇಷ್ಟು ದೊಡ್ಡ ಬಾಗಿಲು ಕಾಣಲಿಲ್ವಾ?"

ಅಕ್ಕ ಮೊಣಕಾಲು ನೀವಿಕೊಂಡರು. ಆಮೇಲೆ ಸಮಾಧಾನವಾಗಿ ಹೇಳಿದರು:

"ಎದುರಿಗೆ ಇರೋದು ಕಾಣುತ್ತೆ, ಲಿಂಗು. ಪಕ್ಕದಲ್ಲಿ ಇರೋದು ಕಾಣಲ್ಲ. ಕಣ್ಣಿನ ನರ ಸಾಯ್ತಾ ಇದೆಯಂತೆ. ಬಳೆಯೊಳಗಿಂದ ನೋಡಿದ ಹಾಗೆ ಇದೆ. ಆ ಬಳೆಯೂ ದಿನೇ ದಿನೇ ಚಿಕ್ಕದಾಗ್ತಾ ಇದೆ. ಔಷಧಿ ಹಾಕ್ತಾ ಇದೀನಿ. ಇರೋದನ್ನ ಉಳಿಸಿಕೊಳ್ಳೋಕೆ ಅಷ್ಟೆ, ಹೋದದ್ದು ಬರಲ್ವಂತೆ."

"ಯಾವಾಗಿಂದ?"

"ನೀನು ಸೀಟಿನ ಚರ್ಮ ಹುಡುಕ್ತಾ ಇದ್ದೆಯಲ್ಲ, ಆಗಿಂದ."

ಲಿಂಗರಾಜರ ಕೈಯಿಂದ ತಗಡಿನ ಚೂರುಗಳು ಜಾರಿದವು. "ನನಗೆ ಯಾಕೆ ಹೇಳಲಿಲ್ಲ, ಅಕ್ಕಯ್ಯ? ಹೇಳಿದ್ದರೆ ಅವತ್ತೇ ಹೊರಟುಬಿಡ್ತಿದ್ದೆ."

"ಹೊರಡ್ತಿದ್ದೆ. ನನಗೆ ಗೊತ್ತು. ಕಾಂತಿ ಹೋದ ಮೇಲೆ ನೀನು ಊಟ ಮಾಡಿದ್ದು, ಹಾಡಿಕೊಂಡದ್ದು, ಯಾರ ಮೇಲಾದರೂ ರೇಗಿದ್ದು ಈ ಶೆಡ್ಡಿನಲ್ಲೇ. ಅದನ್ನ ನಾನು ಹೇಗೆ ಕೆಡಿಸಲಿ? ಬಯಲು ಎಲ್ಲಿಗೂ ಓಡಿಹೋಗಲ್ಲ ಅಂತ ಅಂದುಕೊಂಡೆ."

ಲಿಂಗರಾಜರು ನೆಲದ ಮೇಲೆ ಅಕ್ಕನ ಪಕ್ಕ ಕೂತುಬಿಟ್ಟರು. ಬಿದ್ದಿದ್ದ ಮಿಠಾಯಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದರು. ಅವರಿಗೆ ಅಳು ಬಂದಿತ್ತು. ಅಕ್ಕ ಅದು ಗೊತ್ತಾದರೂ ಗೊತ್ತಾಗದ ಹಾಗೆ ಇದ್ದರು.

ಅಂದು ಸಂಜೆಯೇ ಲಿಂಗರಾಜರು ಕಾರಿನ ಸುತ್ತ ಒಂದು ಸಲ ನಿಧಾನವಾಗಿ ನಡೆದರು. ಈ ಸಲ ಅದನ್ನು ಬೇರೆ ಕಣ್ಣಿನಿಂದ ನೋಡಿದರು. ದೂರ ಹೋಗಿ ಸುರಕ್ಷಿತವಾಗಿ ಬರಲು ಏನು ಬೇಕು? ಅಷ್ಟನ್ನು ಮಾತ್ರ ಮಾಡಬೇಕು.

ಬ್ರೇಕಿನ ಕೆಲಸದಲ್ಲಿ ಅವರು ಒಂದಿಷ್ಟೂ ಅವಸರ ಮಾಡಲಿಲ್ಲ. ಹಳೆಯ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿ, ಖಾಲಿ ರಸ್ತೆಯಲ್ಲಿ ಮತ್ತೆ ಮತ್ತೆ ಒತ್ತಿ ನೋಡಿದರು. ಟೈರುಗಳು ನೋಡಲು ಚೆನ್ನಾಗಿದ್ದವು, ಆದರೆ ರಬ್ಬರು ಗಟ್ಟಿಯಾಗಿ ಸೀಳು ಬಿಟ್ಟಿತ್ತು. ಬದಲಾಯಿಸಿದರು. ರೇಡಿಯೇಟರಿಗೆ ಹೊಸ ರಬ್ಬರು ಪೈಪು, ಹೊಸ ಫ್ಯಾನ್ ಬೆಲ್ಟು. ಬ್ಯಾಟರಿ ಹೊಸದು. ದೀಪಗಳನ್ನು ಸರಿಮಾಡಿದರು. ಸ್ಟೆಪ್ನಿ, ಜಾಕು, ಸ್ಪಾನರುಗಳು, ನೀರಿನ ಕ್ಯಾನು, ಇನ್ನೊಂದು ಬೆಲ್ಟು, ಎಲ್ಲವನ್ನೂ ಸೀಟಿನ ಹಿಂದೆ ಜೋಡಿಸಿದರು. ಕಣ್ಣಿನ ಡಾಕ್ಟರನ್ನು ಕೇಳಿ ಅಕ್ಕನ ಔಷಧಿಯನ್ನು ತಣ್ಣನೆಯ ಫ್ಲಾಸ್ಕಿನಲ್ಲಿ ಇಟ್ಟುಕೊಂಡರು.

ಬಣ್ಣದ ಅಂಗಡಿಯವನು ಫೋನು ಮಾಡಿದ. "ಸಾರ್, ನೀವು ಕೇಳಿದ ಕೆಂಪು ಸಿಕ್ಕಿದೆ. ಒಂದು ತಿಂಗಳು ಕೊಡಿ, ಕನ್ನಡಿ ಥರ ಮಾಡಿಕೊಡ್ತೀನಿ."

ಎಷ್ಟು ಕಾಲದಿಂದ ಕಾಯುತ್ತಿದ್ದ ಕೆಂಪು! ಆದರೆ ಒಂದು ತಿಂಗಳಿಗೆ ಬಯಲಿನಲ್ಲಿ ಕೊಯ್ಲು ಶುರುವಾಗುತ್ತದೆ. ಲಿಂಗರಾಜರು ಕಾರನ್ನು ನೋಡಿದರು. ಬಾಗಿಲು ಕೆಂಪು, ಬಾನೆಟ್ಟು ಬೂದಿ, ಒಂದು ಸೀಟು ಹೊಸದು, ಒಂದು ಹರಕು, ಹುಡ್ಡೇ ಇಲ್ಲ.

"ಬಂದಮೇಲೆ ನೋಡೋಣಪ್ಪ. ಈಗ ನಾವು ಊರಿಗೆ ಹೊರಟಿದೀವಿ," ಎಂದು ಫೋನು ಇಟ್ಟರು.

ಸಂಕ್ರಾಂತಿ ಮುಗಿಸಿಕೊಂಡು, ಬೆಳಕು ಹರಿದ ಮೇಲೆ ಅಕ್ಕ ತಮ್ಮ ಹೊರಟರು. ಲಿಂಗರಾಜರು ಹೊಸ ಸೀಟನ್ನು ಅಕ್ಕನ ಕಡೆಗೆ ಹಾಕಿಸಿದ್ದರು. ನಾಗಮಂಗಲ ದಾಟಿದರು. ಪೆಟ್ರೋಲ್ ಬಂಕಿನಲ್ಲಿ ಜನ ಸುತ್ತ ನಿಂತು, "ಇದೇನು ಸಾರ್, ಅರ್ಧಕ್ಕೇ ಬಿಟ್ಟಿದೀರಾ?" ಎಂದು ನಕ್ಕರು.

"ಪೂರ್ತಿ ಆಗೋವರೆಗೂ ಕಾದಿದ್ರೆ ನಾವೇ ಮುಗಿದುಹೋಗ್ತಿದ್ವಿ," ಎಂದು ಅಕ್ಕ ಅವರಿಗಿಂತ ಜೋರಾಗಿ ನಕ್ಕರು.

ಹಿರಿಯೂರಿನ ಬಿಸಿಲಿಗೆ ಎಂಜಿನ್ನು ಕಾವೇರಿತು. ಲಿಂಗರಾಜರು ಗಾಬರಿಯಾಗದೆ ಒಂದು ಹುಣಸೆಮರದ ಕೆಳಗೆ ನಿಲ್ಲಿಸಿ, ಬಾನೆಟ್ಟು ಎತ್ತಿ ಬಿಟ್ಟರು. ಅದು ತಣ್ಣಗಾಗುವವರೆಗೆ ಇಬ್ಬರೂ ಪುಳಿಯೋಗರೆ ತಿಂದರು. ಹಿಂದೊಮ್ಮೆ ಊಟಿ ದಾರಿಯಲ್ಲಿ ಹೀಗೇ ನಿಂತಾಗ ಆನೆ ಬಂತೆಂದು ಹೆದರಿದ್ದು, ಹತ್ತಿರ ಹೋಗಿ ನೋಡಿದರೆ ಬಂಡೆಯಾಗಿದ್ದದ್ದು ನೆನಪಾಯಿತು. ನಕ್ಕು ನಕ್ಕು ಅಕ್ಕನಿಗೆ ಕೆಮ್ಮು ಬಂತು. ಆಮೇಲೆ ನೀರು ತುಂಬಿಕೊಂಡು, ಕಾರಿಗೆ ಹಿತವಾಗುವಷ್ಟೇ ವೇಗದಲ್ಲಿ ಮುಂದೆ ಹೋದರು. ರಾತ್ರಿ ಹೊಸಪೇಟೆಯಲ್ಲಿ ತಂಗಿದರು. ಮಾರನೆಯ ದಿನ ಕೃಷ್ಣಾ ನದಿ ದಾಟಿದರು.

ಬಯಲು ಬಂತು. ಆದರೆ ಒಂದು ತೊಂದರೆಯಾಯಿತು. ರಸ್ತೆಯ ಎರಡೂ ಕಡೆ ಬಿಳಿಜೋಳ ಆಳೆತ್ತರ ನಿಂತಿತ್ತು. ಕಾರೋ ಕುಳ್ಳು. ಕೂತವರಿಗೆ ದಂಟಿನ ಗೋಡೆ ಬಿಟ್ಟು ಏನೂ ಕಾಣದು. ಅಕ್ಕ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಎದುರಿಗೆ ನೋಡುತ್ತಿದ್ದರು.

ಹೊಲದ ಬದುವಿನಲ್ಲಿ ನೀಲವ್ವ ಎಂಬ ಹೆಂಗಸು ಎಳೆ ಜೋಳದ ತೆನೆ ಸುಟ್ಟು, ಬಡಿದು ಸೀತನಿ ಕಾಳು ಬಿಡಿಸುತ್ತಿದ್ದಳು. ಕಾರು ನಿಂತದ್ದನ್ನು ನೋಡಿ ಎದ್ದು ಬಂದಳು.

"ಯಾಕ್ರೀ ಅಣ್ಣಾರ, ದಾರಿ ತಪ್ಪೀರೇನು?"

"ಇಲ್ಲಮ್ಮ. ನಮ್ಮ ಅಕ್ಕಯ್ಯ ಈ ಬಯಲು ನೋಡಬೇಕು ಅಂತ ಮೈಸೂರಿಂದ ಬಂದಿದಾರೆ. ಇಲ್ಲಿಂದ ಏನೂ ಕಾಣ್ತಾ ಇಲ್ಲ."

ನೀಲವ್ವ ಬೆರಳು ತೋರಿಸಿದಳು. "ಅಲ್ಲಿ ದಿನ್ನಿ ಐತಲ್ರೀ, ಅದರ ಮ್ಯಾಲ ಹೋಗ್ರಿ, ಎಲ್ಲಾ ಕಾಣ್ತದ. ಆದ್ರ ಅದು ಬಂಡಿ ದಾರಿ. ಈ ಗಾಡಿ ಹೊಟ್ಟಿ ನೆಲಕ್ಕ ತಾಗ್ತದ ನೋಡ್ರಿ."

ಮನಸ್ಸು ಮಾಡಿದರೆ ಅಕ್ಕ ನಡೆಯಬಹುದಿತ್ತು. ಆದರೆ ಆ ಹೆಂಟೆಗಳ ಮೇಲೆ, ಪಕ್ಕದ್ದು ಕಾಣದ ಕಣ್ಣಿನಲ್ಲಿ, ಪೆಟ್ಟಾದ ಮೊಣಕಾಲಿನಲ್ಲಿ? ಲಿಂಗರಾಜರು ಸ್ಟೀರಿಂಗ್ ತಿರುಗಿಸಿ ಬಂಡಿ ದಾರಿಗೆ ಇಳಿದೇಬಿಟ್ಟರು. ಒಣಗಿದ ಮಣ್ಣು ಕಾರಿನ ಹೊಟ್ಟೆಯನ್ನು ಉದ್ದಕ್ಕೂ ಗೀರಿತು. ಕಲ್ಲೊಂದು ಬಾಗಿಲಿಗೆ ಬಡಿಯಿತು.

"ಲಿಂಗು, ನಿನ್ನ ಕಾರು!" ಎಂದರು ಅಕ್ಕ.

"ಇರಲಿ ಅಕ್ಕಯ್ಯ, ಗಟ್ಟಿ ಹಿಡ್ಕೊಳ್ಳಿ."

ಕಾರು ಏದುಸಿರು ಬಿಡುತ್ತಾ ದಿನ್ನೆ ಹತ್ತಿತು. ಮೇಲೆ ರಾಶಿ ಮಾಡುವ ಕಣದಷ್ಟು ಸಮತಟ್ಟು ಜಾಗವಿತ್ತು. ಅಲ್ಲಿಂದ ಕೆಳಗೆ ಎಲ್ಲ ಕಡೆಗೂ ಬಯಲು. ಅಕ್ಕ ಎದುರಿಗೆ ನೋಡಿದರು. ಒಂದು ಚೂರು ಹಳದಿ ಕಂಡಿತು. ಕತ್ತು ತಿರುಗಿಸಿದರು. ಇನ್ನೊಂದು ಚೂರು ಕಂಡಿತು, ಮೊದಲಿನದು ಹೋಯಿತು. ಮತ್ತೆ ತಿರುಗಿಸಿದರು. ಕತ್ತು ನೋವಾಗಿ ಕಣ್ಣು ಮುಚ್ಚಿಕೊಂಡರು.

ಲಿಂಗರಾಜರಿಗೆ ಅರ್ಥವಾಯಿತು.

"ಅಕ್ಕಯ್ಯ, ನೀವು ಕತ್ತು ತಿರುಗಿಸಬೇಡಿ. ಎದುರಿಗೆ ಮಾತ್ರ ನೋಡ್ತಾ ಇರಿ. ತಿರುಗಿಸೋದು ನನ್ನ ಕೆಲಸ."

ಅವರು ಕಾರನ್ನು ಮೊದಲ ಗೇರಿಗೆ ಹಾಕಿ, ಸ್ಟೀರಿಂಗನ್ನು ಪೂರ್ತಿ ಎಳೆದು, ದಿನ್ನೆಯ ಮೇಲೆ ನಿಧಾನವಾಗಿ ಸುತ್ತು ಹೊಡೆಸತೊಡಗಿದರು. ಎತ್ತಿನ ಗಾಣಕ್ಕಿಂತ ನಿಧಾನ. ಅಕ್ಕ ಅಲುಗಾಡದೆ ಕೂತರು. ಕುಸುಬೆಯ ಹಳದಿ ಬಂತು, ಹೋಯಿತು. ಕಡಲೆಯ ಹಸಿರು ಬಂತು. ತೆನೆ ತೂಗುವ ಬಿಳಿಜೋಳ ಬಂತು. ಸುಣ್ಣ ಬಳಿದ ಒಂದು ಪುಟ್ಟ ಗುಡಿ ಬಂತು. ಮೇವು ಹೇರಿಕೊಂಡ ಒಂದು ಬಂಡಿ ಬಂತು. ಮತ್ತೆ ಹಳದಿ. ಎಲ್ಲಿಯೂ ಒಂದು ಬೆಟ್ಟ ಇರಲಿಲ್ಲ.

"ಅಪ್ಪಾಜಿ ಒಂದು ಮಾತನ್ನೂ ಹೆಚ್ಚಿಗೆ ಹೇಳಿರಲಿಲ್ಲ ಕಣೋ," ಎಂದರು ಅಕ್ಕ. ಅವರ ಕೆನ್ನೆ ಒದ್ದೆಯಾಗಿತ್ತು. "ಇನ್ನೊಂದು ಸುತ್ತು."

ಲಿಂಗರಾಜರು ಇನ್ನೊಂದು ಸುತ್ತು ಹೊಡೆದರು. ಮೊದಲ ಚಳಿಗಾಲದಲ್ಲೇ ಬಂದಿದ್ದರೆ ಅಕ್ಕ ಇದನ್ನೆಲ್ಲ ಒಂದೇ ನೋಟಕ್ಕೆ ನೋಡುತ್ತಿದ್ದರಲ್ಲ ಎಂದು ಅವರು ಮರುಗಿದರು. ಆದರೂ ಕಾರು ನಿಲ್ಲಿಸಲಿಲ್ಲ. ನೀಲವ್ವ ಸೀತನಿಯ ಬಟ್ಟಲು ಹಿಡಿದು ದಿನ್ನೆ ಹತ್ತಿ ಬಂದಳು. ಲಿಂಗರಾಜರು ಅಕ್ಕನನ್ನು ಕೂರಿಸಿಕೊಂಡು ಗುಂಡಗೆ ಸುತ್ತುವುದನ್ನು ಕಂಡು ಸೆರಗು ಬಾಯಿಗಿಟ್ಟು ನಕ್ಕಳು. ಕಾರು ನಿಂತ ಮೇಲೆ ಅಕ್ಕನ ಅಂಗೈ ತುಂಬ ಬಿಸಿ ಕಾಳು ಸುರಿದಳು.

ಅವರು ಸುಖವಾಗಿ ಮೈಸೂರಿಗೆ ಮರಳಿದರು. ಕಾರಿಗೆ ಬಣ್ಣವೂ ಬಂತು, ಹುಡ್ಡೂ ಬಂತು. ಅಷ್ಟರಲ್ಲಿ ಅಕ್ಕನ ಕಣ್ಣಿನ ಬಳೆ ಉಂಗುರದಷ್ಟಾಗಿತ್ತು. ಲಿಂಗರಾಜರು ಸಂಜೆಗಳಲ್ಲಿ ಹೋಗಿ ಪಕ್ಕದಲ್ಲಿ ಕೂತರೆ, ಆಕೆ ಆ ಬಯಲನ್ನು ವರಸೆ ತಪ್ಪದೆ ಹೇಳುತ್ತಿದ್ದರು. ಹಳದಿ, ಹಸಿರು, ಜೋಳ, ಗುಡಿ, ಬಂಡಿ. ತಮ್ಮ ಪ್ರತಿಸಲವೂ ಮೊದಲ ಬಾರಿ ಕೇಳಿದವರಂತೆ ಕೇಳುತ್ತಿದ್ದರು.

ನೀತಿ: ದೂರದ ದಾರಿಗೆ ಸಿದ್ಧತೆ ಬೇಕೇ ಬೇಕು. ಪ್ರಾಣ ಕಾಯುವ ಬ್ರೇಕು, ಟೈರುಗಳಲ್ಲಿ ಉದಾಸೀನ ಮಾಡಬೇಡಿ. ಆದರೆ ಅಂದಕ್ಕೆಂದು, ಇನ್ನೂ ಚೆನ್ನಾಗಿರಲಿ ಎಂದು ಹೊರಡುವ ದಿನವನ್ನು ಮುಂದೆ ತಳ್ಳಬೇಡಿ. ಕಾರಿನ ಬಣ್ಣ ಎಷ್ಟು ವರ್ಷ ಬೇಕಾದರೂ ಕಾಯುತ್ತದೆ. ಜೊತೆಗೆ ಬರುವವರ ಕಣ್ಣು, ಕಾಲು, ಉಸಿರು ಅಷ್ಟು ಕಾಲ ಕಾಯುವುದಿಲ್ಲ.