ಮೋಡವೆಂದು ಮುಚ್ಚಿಟ್ಟ ಹೊಳಪು

ಮಕ್ಕಳೇ, ಶಾಲ್ಮಲಿಯೆಂಬ ಅರಣ್ಯದ ನಡುವೆ ಒಂದು ತಿಳಿಗೊಳ. ಅದರ ದಡದಲ್ಲಿ ಮುಗಿಲೆತ್ತರದ ಮತ್ತಿಮರ. ಸ್ಥಿರದೃಷ್ಟಿಯೆಂಬ ಕರಿಮೋರೆಯ, ಉದ್ದಬಾಲದ ಹೆಣ್ಣು ಮುಸುವ ಅದರ ತುದಿಯಲ್ಲಿ ಕುಳಿತು ಕಾವಲು ಕಾಯುತ್ತಿತ್ತು. ಹುಲಿ ಬಂದರೆ ಒಂದು ಕೂಗು, ಸೀಳುನಾಯಿಗೆ ಎರಡು, ಹದ್ದಿಗೆ ಮೂರು. ಆ ಕೂಗನ್ನು ನಂಬಿಯೇ ಜಿಂಕೆಗಳು ತಲೆತಗ್ಗಿಸಿ ನೀರು ಕುಡಿಯುತ್ತಿದ್ದವು.

ಒಂದು ಮುಂಜಾನೆ ಬೆಟ್ಟದ ನೆತ್ತಿಯ ಮೇಲೆ ದುಂಡಗಿನ ವಸ್ತುವೊಂದು ಥಳಥಳಿಸುತ್ತ ನಿಂತಿತು. ರೆಕ್ಕೆಯಿಲ್ಲ, ಸದ್ದಿಲ್ಲ. ಯಾವ ಕೂಗು ಹಾಕಬೇಕೆಂದು ಮುಸುವ ತಡವರಿಸುವಷ್ಟರಲ್ಲಿ ಅದು ಕೊಳದ ಮೇಲೆಯೇ ಹಾದುಹೋಯಿತು. ಬೆದರಿದ ಜಿಂಕೆಗಳು ಒಂದರ ಮೇಲೊಂದು ಬಿದ್ದು ಓಡಿದವು. ಎರಡು ಮರಿಗಳ ಕಾಲು ಮುರಿಯಿತು.

ಮುಸುವ ಕೂಡಲೇ ಮಂತ್ರಿಯಾದ ಚಿತ್ರಪಿಂಛನೆಂಬ ನವಿಲಿನ ಬಳಿಗೆ ಹೋಗಿ ಕಂಡುದನ್ನು ಕಂಡಂತೆ ಹೇಳಿತು. ಮಂತ್ರಿಗೊಂದು ದೋಷವಿತ್ತು: ‘ನನಗೆ ತಿಳಿಯದು’ ಎಂಬ ಮಾತು ಅದರ ಕೊರಳಿನಿಂದ ಹೊರಡುತ್ತಲೇ ಇರಲಿಲ್ಲ.

"ಅದರ ಹೆಸರೇನು?"

"ತಿಳಿಯದು, ಅಮಾತ್ಯರೇ."

"ಹೆಸರಿಲ್ಲದ್ದು ಇಲ್ಲವೇ ಇಲ್ಲ! ನನ್ನ ಗರಿಗಳಲ್ಲಿ ನೂರು ಕಣ್ಣುಗಳಿವೆ. ಒಂದಾದರೂ ಅದನ್ನು ಕಾಣಲಿಲ್ಲವಲ್ಲ?"

"ಆ ಕಣ್ಣುಗಳಿಗೆ ರೆಪ್ಪೆಯೂ ಇಲ್ಲ, ನೋಟವೂ ಇಲ್ಲ, ಅಮಾತ್ಯರೇ."

"ಎಲಾ ಕೋತಿ! ನೀನು ಕಂಡದ್ದು ಮೋಡ. ಬೇರೆ ಮಾತಾಡಿದೆಯೋ, ನಿನ್ನನ್ನು ಮರದಿಂದ ಇಳಿಸಿ ಚಿರತೆಯ ಹಾದಿಯಲ್ಲಿ ಬಿಡಿಸುತ್ತೇನೆ!"

ಮುಸುವ ಹಿಂತಿರುಗುವಾಗ ಗಾಯಗೊಂಡ ಮರಿಯನ್ನು ನೆಕ್ಕುತ್ತಿದ್ದ ತಾಯಿಜಿಂಕೆ ಕೇಳಿತು: "ಅಕ್ಕಾ, ನಾಳೆ ಮಕ್ಕಳನ್ನು ನೀರಿಗೆ ಕರೆತರಲೇ?"

ಮುಸುವ ಚಿರತೆಯ ಹಾದಿಯತ್ತ ಒಮ್ಮೆ ತಿರುಗಿ ನೋಡಿತು. ಆದರೂ ಮರಿಯ ನರಳಿಕೆ ಕಿವಿಯಲ್ಲಿತ್ತು. "ತಾಳು ತಂಗಿ, ರಾಜನನ್ನು ಕಂಡುಬರುತ್ತೇನೆ" ಎಂದು ಗಜರಾಜ ಗಂಭೀರಕನ ಸಭೆಗೆ ನೇರವಾಗಿ ನಡೆಯಿತು.

ಎಲ್ಲವನ್ನೂ ಕೇಳಿದ ಗಜರಾಜ, "ಬೇರೆ ಯಾರಾದರೂ ಕಂಡಿರಾ?" ಎಂದಿತು. ಕೊಕ್ಕರೆ ತನ್ನ ಕಾಲನ್ನೇ ನೋಡುತ್ತಿತ್ತು. ಮರಕುಟಿಗ ಮರದ ಹಿಂದೆ ಸರಿಯಿತು. ಮುಸುವ ಅದನ್ನು ಗಮನಿಸಿತು.

"ಪ್ರಭು, ಇವರು ಅಂಜಿ ಸುಮ್ಮನಿದ್ದಾರೆ. ಮೊದಲು ಅಭಯ ಕೊಡಿ, ಆಮೇಲೆ ಕೇಳಿ. ನನ್ನನ್ನು ಇಳಿಸುವುದಾದರೆ ಇಳಿಸಿ, ಕಂಡುದನ್ನು ಮೋಡವೆನ್ನಲಾರೆ."

ಗಜರಾಜ ಎದ್ದುನಿಂತಿತು. "ಕಂಡುದನ್ನು ನುಡಿದವರನ್ನು ಅವರ ಕೊಂಬೆಯಿಂದ ಯಾರೂ ಇಳಿಸಕೂಡದು. ಇಳಿಸಬಂದವರು ಮೊದಲು ನನ್ನ ಸೊಂಡಿಲನ್ನು ದಾಟಲಿ!"

"ನಾನೂ ಕಂಡೆ!" ಎಂದಿತು ಕೊಕ್ಕರೆ.

"ನಾನು ಹಿಂದೆಯೇ ಬೆಟ್ಟದಾಚೆ ಮೂರು ಸಲ ಕಂಡೆ. ಕೊಕ್ಕು ಮುಚ್ಚೆಂದರು ಮಂತ್ರಿಗಳು!" ಎಂದಿತು ಮರಕುಟಿಗ.

ಎಲ್ಲರ ಮಾತು ಕೂಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು: ಬಿಸಿಲು ಬಿದಿರುಮೆಳೆಯನ್ನು ಮುಟ್ಟುವ ಹೊತ್ತಿಗೇ ಅದು ಬರುತ್ತದೆ. ಮರುದಿನ ಆ ಹೊತ್ತಿಗೆ ಜಿಂಕೆಗಳೆಲ್ಲ ಮರಗಳಡಿಯಲ್ಲಿ ಮರಿಗಳನ್ನು ಒತ್ತಿಕೊಂಡು ನಿಂತವು. ಹೊಳಪು ಬಂತು, ಹೋಯಿತು. ಒಂದು ಗೊರಸೂ ಕದಲಲಿಲ್ಲ. ಮೋಡವೆಂದು ಹಟಹಿಡಿದು ಬಯಲಲ್ಲಿ ನಿಂತಿದ್ದ ಚಿತ್ರಪಿಂಛ ಮಾತ್ರ ಕಿರುಚುತ್ತ ಮುಳ್ಳುಪೊದೆಗೆ ನುಗ್ಗಿ ಗರಿಗಳನ್ನೆಲ್ಲ ಹರಿದುಕೊಂಡಿತು.

"ಮೋಡಕ್ಕೆ ಇಷ್ಟೊಂದು ಹೆದರಿಕೆಯೇ, ಅಮಾತ್ಯರೇ?" ಎಂದಿತು ಮರಕುಟಿಗ.

"ಸ್ಥಿರದೃಷ್ಟೀ, ಅದೇನಮ್ಮ?" ಎಂದು ಗಜರಾಜ ಕೇಳಿತು.

"ಇನ್ನೂ ತಿಳಿಯದು, ಪ್ರಭು. ನೋಡುತ್ತಲೇ ಇರುತ್ತೇನೆ" ಎಂದು ಮುಸುವ ಮತ್ತೆ ಮರವೇರಿತು.

ನೀತಿ: ಕಂಡುದನ್ನು ನುಡಿಯುವವರಿಗೆ ಆಳುವವರು ಅಭಯವಿತ್ತರೆ, ತಿಳಿಯದುದನ್ನೂ ನಾಡು ಧೈರ್ಯದಿಂದ ಎದುರಿಸಬಲ್ಲದು.