ಫ್ಯಾನಿನ ದುಡಿಮೆ

ವೆಲ್ಡಿಂಗ್ ಶೆಡ್ಡಿನಲ್ಲಿ ದಸ್ತಗೀರ್ ಸಾಬರು ಸ್ಟೀಲಿನ ಹಾಲಿನ ಕ್ಯಾನಿಗೆ ಬೆಸುಗೆ ಹಾಕುತ್ತಿದ್ದರು. ಸಿಲಿಂಡರಿನಿಂದ ಬಂದ ಆರ್ಗಾನ್ ಅನಿಲ ಕಾದ ಬೆಸುಗೆಯನ್ನು ಸುತ್ತಿಕೊಂಡು ನಿಂತಿತ್ತು. ಸೆಕೆ ತಾಳಲಾರದೆ ಸಾಬರು ಟೇಬಲ್ ಫ್ಯಾನನ್ನು ತಮ್ಮತ್ತ ತಿರುಗಿಸಿಕೊಂಡರು.

"ಏನಯ್ಯಾ, ಬೆಳಗಿನಿಂದ ನೋಡುತ್ತಿದ್ದೇನೆ," ಎಂದಿತು ಫ್ಯಾನು ಆರ್ಗಾನಿಗೆ. "ಬಣ್ಣವಿಲ್ಲ, ವಾಸನೆಯಿಲ್ಲ. ಉರಿಯುವುದಿಲ್ಲ, ಯಾರೊಂದಿಗೂ ಬೆರೆಯುವುದಿಲ್ಲ. ಕೆಲಸದ ಜಾಗದಲ್ಲಿ ಹೀಗೆ ಸುಮ್ಮನೆ ನಿಲ್ಲಲು ನಾಚಿಕೆಯಾಗುವುದಿಲ್ಲವೇ?"

"ಎಷ್ಟು ಸಲ ಹೇಳಲಿ? ಹೊರಗಿನ ಗಾಳಿ ಬೆಸುಗೆಗೆ ತಾಗದಂತೆ ಅಡ್ಡ ನಿಲ್ಲುವುದೇ ನನ್ನ ಕೆಲಸ. ನೀನು ಬೀಸಿದರೆ ಚದುರಿಹೋಗುತ್ತೇನೆ."

"ಸೋಮಾರಿಗಳ ಮಾತು ಯಾವಾಗಲೂ ಇದೇ," ಎಂದು ಫ್ಯಾನು ಇನ್ನೂ ಜೋರಾಗಿ ಬೀಸಿತು. ಆರ್ಗಾನ್ ಚದುರಿತು, ಹೊರಗಿನ ಗಾಳಿ ನುಗ್ಗಿತು. ಬೆಸುಗೆ ಕಪ್ಪಾಗಿ ತೂತು ತೂತಾಯಿತು.

ಸಾಬರು ಕ್ಯಾನಿಗೆ ನೀರು ತುಂಬಿಸಿ ನೋಡಿದರು, ಸೋರಿತು. ತಲೆ ಚಚ್ಚಿಕೊಂಡು ಫ್ಯಾನು ಆಫ್ ಮಾಡಿದರು. ಬೆವರು ಒರೆಸಿಕೊಳ್ಳುತ್ತ, ಹಾಳಾದ ಬೆಸುಗೆಯನ್ನೆಲ್ಲ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಿದರು. ಆರ್ಗಾನ್ ಬಂದು ಮೊದಲಿನಂತೆಯೇ ಸುಮ್ಮನೆ ನಿಂತಿತು.

"ನೋಡಿದೆಯಾ," ಎಂದು ಫ್ಯಾನು ಪಕ್ಕದ ಗೋಡೆಗೆ ದೂರು ಹೇಳಿತು. "ಈ ಕಾಲದಲ್ಲಿ ದುಡಿಯುವವರಿಗೆ ಬೆಲೆಯೇ ಇಲ್ಲ."