ಅದೇ ಎಮ್ಮೆಯ ಹಾಲು

“ಸಾರ್, ಕಾಲೇಜು ಬಿಡು ಅಂತ ದುರುಗೇಶಂಗೆ ನಾವ್ಯಾರೂ ಹೇಳ್ಲಿಲ್ಲ. ತಾನಾಗೇ ಬಿಟ್ಟ. ಅದಕ್ಕೂ ಸಮಾಜಾನೇ ಕಾರಣ ಅನ್ನೋದಾದ್ರೆ, ನಾನು ಫೇಲಾಗಿದ್ದಕ್ಕೂ ಸಮಾಜಾನೇ ಕಾರಣ ಅಂತ ನಮ್ಮಪ್ಪಂಗೆ ಒಂದು ಮಾತು ಹೇಳಿ ಸಾರ್.”

ಕೇಳಿದವನು ಚನ್ನವೀರ. ಸಮಾಜಶಾಸ್ತ್ರದ ಪೀರಿಯಡ್ಡಿನಲ್ಲಿ ಒಮ್ಮೆಯಾದರೂ ಕ್ಲಾಸನ್ನು ನಗಿಸದಿದ್ದರೆ ಅವನಿಗೆ ಆ ದಿನವೇ ದಂಡ. ಎಲ್ಲರೂ ನಕ್ಕರು. ದುರುಗೇಶ ಕೂರುತ್ತಿದ್ದ ಬೆಂಚು ಖಾಲಿಯಿತ್ತು. ಅವನೀಗ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದಾನೆಂದು ಸುದ್ದಿ.

ತಿಪ್ಪೇಸ್ವಾಮಿ ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚನ್ನವೀರನಿಗೆ ಇನ್ನೊಂದು ಜೋಕಿಗೆ ದಾರಿಯಾಗುತ್ತಿತ್ತು. ಅವರು ಪುಸ್ತಕ ಮುಚ್ಚಿ ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಕೂಲಿಯವನಿದ್ದ. ಊರಾಚೆಯ ಕೇರಿಯವನು. ಊರಿನವರು ಅವನ ಕೈಯಿಂದ ನೀರು ಮುಟ್ಟುತ್ತಿರಲಿಲ್ಲ. ಇನ್ನೊಬ್ಬರ ಹೊಲದಲ್ಲಿ ಬೆನ್ನು ಬಗ್ಗಿಸುವುದು ತನ್ನ ಕಾಲಕ್ಕಾದರೂ ಮುಗಿಯಲಿ ಎಂದು, ಕೂಡಿಟ್ಟದ್ದನ್ನೆಲ್ಲ ಸುರಿದು ಒಂದು ಎಮ್ಮೆ ತಂದ. ಬೆಳಗಾದರೆ ಹಾಲು ಹೊತ್ತು ಮನೆಮನೆಗೆ ಹೋದ.

ಬೇಡ ಎಂದು ಯಾರೂ ಹೇಳಲಿಲ್ಲ. ಊರಿನ ವ್ಯಾಪಾರಿ, “ನಂದೇನೂ ಇಲ್ಲ ಕಣಯ್ಯ. ಪಕ್ಕದ ಮನೆಯೋರು ಹಾಕಿಸ್ಕೊಳ್ಳಲಿ, ನಾಳೆಯಿಂದ ನನಗೂ ಹಾಕು,” ಎಂದ. ಪಕ್ಕದ ಮನೆಯವನು, “ಈ ಕಾಲದಲ್ಲಿ ಜಾತಿಗೀತಿ ಯಾರು ನೋಡ್ತಾರೆ? ಮನೇಲಿ ಮುದುಕಿ ಒಂದು ಅಡ್ಡ ಇದೆ. ಅದು ಕಣ್ಮುಚ್ಚಲಿ, ದಿನಾ ಎರಡು ಸೇರು ನನಗೇ,” ಎಂದ. ಮುದುಕಿ ಒಳಗಿನಿಂದಲೇ, “ನಂಗೇನೋ ಅಡ್ಡಿ? ಊರು ಒಪ್ಪಬೇಕಲ್ಲ,” ಎಂದಳು.

ಹಾಲು ಒಡೆಯಿತು. ಮರುದಿನವೂ ಒಡೆಯಿತು. ಹಿಂಡಿಗೂ ಗತಿಯಿಲ್ಲದಾದಾಗ ಅವನು ಎಮ್ಮೆಯನ್ನು ಅದೇ ವ್ಯಾಪಾರಿಗೆ ಸಿಕ್ಕಷ್ಟಕ್ಕೆ ಮಾರಿದ. ಮಾರನೆಯ ಬೆಳಿಗ್ಗೆ ವ್ಯಾಪಾರಿಯ ಬಾಗಿಲಲ್ಲಿ ಊರಿಗೆ ಊರೇ ಪಾತ್ರೆ ಹಿಡಿದು ನಿಂತಿತು. ಎಂಥ ಗಟ್ಟಿ ಹಾಲು ಎಂದು ಹೊಗಳಿತು. ಹಿತ್ತಲಲ್ಲಿ ಆ ಎಮ್ಮೆಗೆ ಹುಲ್ಲು ಹಾಕಿ ಸೆಗಣಿ ಬಾಚುವ ಕೂಲಿಗೆ ಬಂದವನು ಅದನ್ನು ಮಾರಿದವನೇ. ಕಂಡವರೆಲ್ಲ ಮನಸಾರೆ ಮರುಗಿದರು: “ಪಾಪ, ಅವನಿಗೆ ವ್ಯಾಪಾರ ಕೈಹತ್ತಲಿಲ್ಲ.”

ಕತೆ ಅಲ್ಲಿಗೆ ನಿಂತಿತು. ಎಮ್ಮೆ ಬಂದಾಗಲೇ ಚನ್ನವೀರನ ನಾಲಗೆಯ ತುದಿಯಲ್ಲಿ ಒಂದು ಜೋಕು ಬಂದು ಕೂತಿತ್ತು. ಯಾಕೋ ಅದನ್ನು ನುಂಗಿಕೊಂಡ.

“ಆ ಊರಿನೋರು ಬೇರೆ ಸಾರ್. ನಾವು ದುರುಗೇಶನ ಜಾತಿ ಎತ್ತಿ ಒಂದು ದಿನಾನೂ ಮಾತಾಡಿಲ್ಲ,” ಎಂದ.

ಮೇಷ್ಟ್ರು ಹಾಜರಿ ಪುಸ್ತಕ ಕೈಗೆತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದರು.

“ಈ ಕ್ಲಾಸಿನಲ್ಲಿ ಒಬ್ಬರ ಊಟದ ಡಬ್ಬಿಯನ್ನೂ ಬಿಡದೆ ಕಿತ್ತು ತಿನ್ನೋನು ನೀನು. ದುರುಗೇಶ ದಿನಾ ಡಬ್ಬೀಲಿ ಏನು ತರ್ತಿದ್ದ, ಹೇಳಪ್ಪ.”